ಮರ ದಪ್ಪವಾಗುವುದು ಹೇಗೆ? ಕಾಸರಗೋಡಿನ ತೋಟಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಯಾವ ತೋಟಕ್ಕೆ ಹೋದರೂ ಎರಡು ಜಾತಿಯ ಮರಗಳು ಅಕ್ಕಪಕ್ಕ ಇರುತ್ತವೆ. ಕಣಿವೆಯಲ್ಲಿ ಕಂಗು (ಅಡಿಕೆ ಮರ), ತೆಂಗು. ಗುಡ್ಡದ ಬದಿಯಲ್ಲಿ ಹಲಸು, ಮಾವು, ಗೇರು, ಸಾಗುವಾನಿ, ರಬ್ಬರ್. ಕಾಂಡ ದಪ್ಪವಾಗುವ ವಿಷಯದಲ್ಲಿ ಈ ಎರಡು ಗುಂಪಿಗೆ ಏನೇನೂ ಹೋಲಿಕೆ ಇಲ್ಲ. ಬೇಲಿ ತಂತಿ ಬಿಗಿದ ಮರ ಯಾಕೆ ಒಣಗಿತು, ಕಸಿ ಯಾಕೆ ಹಿಡಿಯಲಿಲ್ಲ, ಬಿಸಿಲು ತಾಗಿದ ಕಂಗು ಯಾಕೆ ಚೇತರಿಸುವುದಿಲ್ಲ ಎಂಬ ಪ್ರಶ್ನೆಗಳೆಲ್ಲ ಕೊನೆಗೆ ಬಂದು ನಿಲ್ಲುವುದು ತೊಗಟೆಯ ಅಡಿಯ ಒಂದು ತೆಳು ಪದರದ ಹತ್ತಿರ. ಅದನ್ನು ತಿಳಿದುಕೊಂಡರೆ ತೋಟದ ಎಷ್ಟೋ ನಷ್ಟ ತಪ್ಪಿಸಬಹುದು.

ಮರಕ್ಕೆ ಹೊಡೆದ ಆಣಿ ವರ್ಷ ಕಳೆದಂತೆ ಮೇಲೆ ಹೋಗುತ್ತದೆಯೇ?

ಹೋಗುವುದಿಲ್ಲ. ನೆಲದಿಂದ 4 ಅಡಿ ಎತ್ತರದಲ್ಲಿ ಹೊಡೆದ ಆಣಿ 30 ವರ್ಷದ ಮೇಲೂ 4 ಅಡಿಯಲ್ಲೇ ಇರುತ್ತದೆ. ಮರ ಎತ್ತರವಾಗುವುದು ಗೆಲ್ಲುಗಳ ತುದಿಯಲ್ಲಿ ಮಾತ್ರ. ತುದಿಯ ಕುಡಿಯ ಕೋಶಗಳು ಒಡೆದು ಹೆಚ್ಚಾಗಿ, ಉದ್ದವಾಗಿ, ಒಮ್ಮೆ ಬಲಿತ ಮೇಲೆ ಆ ಭಾಗದ ಉದ್ದ ಮತ್ತೆ ಬದಲಾಗುವುದಿಲ್ಲ. ಇದು ಪ್ರಾಥಮಿಕ ಬೆಳವಣಿಗೆ. ಆಣಿ ಹೊಡೆದ ಜಾಗದಲ್ಲಿ ಆಮೇಲೆ ನಡೆಯುವುದು ಅಡ್ಡಕ್ಕೆ ಹಿಗ್ಗುವ ಕೆಲಸ, ಅಂದರೆ ದ್ವಿತೀಯಕ ಬೆಳವಣಿಗೆ. ಹಾಗಾಗಿ ಆಣಿ ಮೇಲೆ ಹೋಗುವ ಬದಲು ಮರದ ಒಳಗೆ ಹುದುಗುತ್ತದೆ. ಹಳೆಯ ಹಲಸನ್ನು ಕೊಯ್ಯುವಾಗ ಮಿಲ್ಲಿನ ಗರಗಸದ ಹಲ್ಲು ಮುರಿಯುವುದು ಹೀಗೆ ನುಂಗಿಹೋದ ಆಣಿ, ತಂತಿಗಳಿಂದಲೇ. ಮರ ಮಾರುವ ಮೊದಲು ಎಲ್ಲೆಲ್ಲಿ ಬೇಲಿ ಇತ್ತು ಎಂದು ಮಿಲ್ಲಿನವರಿಗೆ ಹೇಳಿಬಿಡಿ.

ಹಿಗ್ಗಿಸುವ ಆ ಪದರ ಯಾವುದು? ಕಣ್ಣಿಗೆ ಕಾಣುತ್ತದೆಯೇ?

ಅದರ ಹೆಸರು ಕ್ಯಾಂಬಿಯಂ. ತೊಗಟೆಗೂ ಮರಕ್ಕೂ ನಡುವೆ, ಬುಡದಿಂದ ಗೆಲ್ಲಿನವರೆಗೆ, ಬೇರಿನಲ್ಲೂ ಸೇರಿ, ಇಡೀ ಮರವನ್ನು ಸುತ್ತುವರಿದ ಪದರ. ನಿಜವಾಗಿ ಒಡೆಯುತ್ತಲೇ ಇರುವ ಮೂಲ ಕೋಶಗಳ ಸಾಲು ಒಂದೇ ಕೋಶದಷ್ಟು ದಪ್ಪ. ಮಳೆಗಾಲದಲ್ಲಿ ಅದರ ಎರಡೂ ಬದಿಯಲ್ಲಿ ಆಗ ತಾನೇ ಹುಟ್ಟಿದ ಎಳೆ ಕೋಶಗಳು ಸೇರಿದಾಗಲೂ ಒಂದು ಮಿಲಿಮೀಟರಿನ ಸಣ್ಣ ಭಾಗವಷ್ಟೇ.

ಪ್ರತಿ ಮೂಲ ಕೋಶವೂ ಕಾಂಡದ ಮೇಲ್ಮೈಗೆ ಸಮಾನಾಂತರವಾಗಿ ಎರಡಾಗುತ್ತದೆ. ಒಂದು ಮೂಲ ಕೋಶವಾಗಿಯೇ ಉಳಿದರೆ ಇನ್ನೊಂದು ಒಳಗೆ ಉಳಿದು ಕ್ಸೈಲಮ್ ಆಗುತ್ತದೆ, ಅಥವಾ ಹೊರಗೆ ಉಳಿದು ಫ್ಲೋಯಮ್ ಆಗುತ್ತದೆ. ಕ್ಸೈಲಮ್ ಬೇರಿನಿಂದ ನೀರು, ಲವಣ ಮೇಲೆ ಒಯ್ಯುತ್ತದೆ. ನಾವು ಮರ, ದಿಮ್ಮಿ ಎನ್ನುವುದೆಲ್ಲ ಇದೇ. ಫ್ಲೋಯಮ್ ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಬೇರಿಗೂ ಕಾಯಿಗೂ ಸಾಗಿಸುತ್ತದೆ. ಇದು ತೊಗಟೆಯ ಒಳಭಾಗ. ಕ್ಸೈಲಮ್ ಯಾವಾಗಲೂ ಫ್ಲೋಯಮಿಗಿಂತ ಬಹಳ ಹೆಚ್ಚು ತಯಾರಾಗುತ್ತದೆ. ಮೇಲಾಗಿ ಹಳೆಯ ಫ್ಲೋಯಮ್ ಹೊರಕ್ಕೆ ತಳ್ಳಲ್ಪಟ್ಟು ಹಿಸುಕಿ ತೊಗಟೆಯೊಡನೆ ಉದುರಿಹೋಗುತ್ತದೆ, ಕ್ಸೈಲಮ್ ಮಾತ್ರ ವರ್ಷ ವರ್ಷ ಕೂಡುತ್ತಾ ಬರುತ್ತದೆ. ಮರ ದೊಡ್ಡದಾದರೂ ತೊಗಟೆ ಅಷ್ಟು ದಪ್ಪವಾಗದಿರುವುದು ಇದರಿಂದ.

ಒಳಗಿನ ಮರ ಹಿಗ್ಗಿದಂತೆ ಕ್ಯಾಂಬಿಯಮಿನ ಸುತ್ತಳತೆಯೂ ಹಿಗ್ಗಬೇಕು. ಅದಕ್ಕಾಗಿ ಆ ಕೋಶಗಳು ಆಗಾಗ ಅಡ್ಡ ದಿಕ್ಕಿನಲ್ಲೂ ಒಡೆದು ತಮ್ಮ ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ.

ನೋಡಬೇಕಾದರೆ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಹೇಗೂ ಕಡಿದುಹಾಕುವ ಗ್ಲಿರಿಸಿಡಿಯ ಗೆಲ್ಲಿನ ತೊಗಟೆಗೆ ಕತ್ತಿಯಿಂದ ಗೀರು ಹಾಕಿ ಎಳೆಯಿರಿ. ಸಲೀಸಾಗಿ ಬಿಡುತ್ತದೆ, ಒಳಗಿನ ಮೇಲ್ಮೈ ಒದ್ದೆಯಾಗಿ ಜಾರುತ್ತದೆ. ಬಿಟ್ಟು ಬಂದದ್ದು ಈ ಎಳೆ ಕೋಶಗಳ ಪದರದಲ್ಲಿ. ಅದೇ ಗೆಲ್ಲನ್ನು ಮಾರ್ಚಿಯಲ್ಲಿ ಎಳೆದರೆ ತೊಗಟೆ ತುಂಡು ತುಂಡಾಗಿ ಕಿತ್ತು ಬರುತ್ತದೆ, ಯಾಕೆಂದರೆ ಕ್ಯಾಂಬಿಯಂ ಆಗ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಕಣ್ಣು ಕಸಿಗೆ ಕಾಲ ಬಂದಿದೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಒಳಗಿನಿಂದ ಮರ ಹಿಗ್ಗಿದರೆ ತೊಗಟೆ ಒಡೆಯಬೇಕಲ್ಲ?

ಒಡೆಯುತ್ತದೆ. ಮಾವಿನ ಹಳೆಯ ಕಾಂಡದ ಸೀಳುಗಳು ಹೀಗೆ ಬಂದವು. ಆದರೆ ಒಡೆಯುವ ಮೊದಲೇ ಒಳಗೆ ಇನ್ನೊಂದು ಹೊದಿಕೆ ಸಿದ್ಧವಾಗಿರುತ್ತದೆ. ತೊಗಟೆಯೊಳಗೆ ಕಾರ್ಕ್ ಕ್ಯಾಂಬಿಯಂ ಎಂಬ ಎರಡನೇ ಪದರ ಹುಟ್ಟಿ ಹೊರಕ್ಕೆ ಕಾರ್ಕ್ ಕೋಶಗಳನ್ನು ಕೊಡುತ್ತದೆ. ಅವುಗಳ ಗೋಡೆಯಲ್ಲಿ ಸುಬೆರಿನ್ ಎಂಬ ಮೇಣದಂಥ ವಸ್ತು ಇರುವುದರಿಂದ ನೀರು ಹೊರಗೆ ಹೋಗುವುದಿಲ್ಲ, ಶಿಲೀಂಧ್ರ ಒಳಗೆ ಬರುವುದಿಲ್ಲ. ಪೇರಳೆಯ ತೊಗಟೆ ತೆಳು ಹಾಳೆಯಾಗಿ ಸುಲಿದು ಬಿದ್ದು ನುಣುಪಾದ ಕಾಂಡ ಕಾಣುವುದು ಆರೋಗ್ಯದ ಲಕ್ಷಣ, ರೋಗವಲ್ಲ. ಎಳೆ ತೊಗಟೆಯ ಮೇಲಿನ ಚಿಕ್ಕ ಗುಳ್ಳೆಗಳಂಥ ಚುಕ್ಕಿಗಳು ಗಾಳಿ ಆಡುವ ರಂಧ್ರಗಳು. ಅವನ್ನು ಕೀಟ ಎಂದುಕೊಂಡು ಔಷಧಿ ಹೊಡೆಯಬೇಡಿ.

ನಮ್ಮ ಕಂಗು ನೆಟ್ಟು 25 ವರ್ಷವಾಯಿತು. ಯಾಕೆ ದಪ್ಪವಾಗುವುದಿಲ್ಲ?

ಅದಕ್ಕೆ ಕ್ಯಾಂಬಿಯಂ ಇಲ್ಲ. ಕಂಗು, ತೆಂಗು, ತಾಳೆ, ಈಂದು ಇವೆಲ್ಲ ಏಕದಳ ಸಸ್ಯಗಳು. ನೀರು, ಆಹಾರ ಸಾಗಿಸುವ ನಾಳಗಳ ಕಟ್ಟುಗಳು ಇವುಗಳ ಕಾಂಡದಲ್ಲಿ ಒಂದು ಸುತ್ತಾಗಿ ಜೋಡಿಸಿಟ್ಟಿರುವುದಿಲ್ಲ, ಇಡೀ ಕಾಂಡದಲ್ಲಿ ಚದುರಿರುತ್ತವೆ. ಅಂಚಿನಲ್ಲಿ ದಟ್ಟ, ನಡುವೆ ವಿರಳ. ಕಂಗಿನ ಕಾಂಡವನ್ನು ಸಲಿಕೆಯಾಗಿ (ಉದ್ದ ಪಟ್ಟಿಯಾಗಿ) ಸೀಳುವಾಗ ಹೊರಗಿನ ಅಂಚು ಗಟ್ಟಿ, ಒಳಗಿನದು ಮೆದು ಚೂರು ಎಂದು ಎಲ್ಲರಿಗೂ ಗೊತ್ತು. ತೆಂಗಿನ ಸಸಿ ಮೊದಲ ಕೆಲವು ವರ್ಷ ನೆಲದ ಮಟ್ಟದಲ್ಲೇ ಉಳಿದು ತುದಿಯ ಕುಡಿಯ ಅಗಲವನ್ನು ಹೆಚ್ಚಿಸಿಕೊಳ್ಳುತ್ತದೆ, ಅದು ಪೂರ್ತಿಯಾದ ಮೇಲೆ ಮೇಲಕ್ಕೆ ಹೊರಡುತ್ತದೆ. ಹೊರಟ ಮೇಲೆ ಕೆಳಗಿನ ಕಾಂಡ ಗಮನಕ್ಕೆ ಬರುವಷ್ಟು ದಪ್ಪವಾಗುವುದಿಲ್ಲ.

ಇದರಿಂದ ಮೂರು ಪರಿಣಾಮಗಳಿವೆ, ಮೂರೂ ತೋಟದವರಿಗೆ ಮುಖ್ಯ.

ಮೊದಲನೆಯದು, ಕಾಂಡದ ದಪ್ಪ ಆಯಾ ವರ್ಷದ ಆರೈಕೆಯ ದಾಖಲೆ. ನೀರು, ಗೊಬ್ಬರ ಕೊರತೆಯಾದ ವರ್ಷಗಳಲ್ಲಿ ಮೂಡಿದ ಭಾಗ ಸೊಂಟದಂತೆ ಸಪೂರವಾಗಿ ಉಳಿಯುತ್ತದೆ. ಮತ್ತೆ ಆರೈಕೆ ಮಾಡಿದರೆ ಅದರ ಮೇಲಿನ ಭಾಗ ದಪ್ಪವಾಗಿ ಬರುತ್ತದೆಯೇ ಹೊರತು ಆ ಸೊಂಟ ತುಂಬುವುದಿಲ್ಲ. ಗಾಳಿಗೆ ಮರ ಮುರಿಯುವುದೂ ಸಾಮಾನ್ಯವಾಗಿ ಅಲ್ಲೇ.

ಎರಡನೆಯದು, ಗಾಯ ಮುಚ್ಚುವುದಿಲ್ಲ. ಹಲಸಿಗೆ ಕತ್ತಿ ತಾಗಿದರೆ ಅಂಚಿನಿಂದ ಹೊಸ ಮರ ಉಬ್ಬಿ ಬಂದು ಮುಚ್ಚುತ್ತದೆ. ತೆಂಗಿಗೆ ಹತ್ತಲು ಕಡಿದ ಮೆಟ್ಟಿಲು ಮರ ಇರುವವರೆಗೂ ಹಾಗೇ ಇರುತ್ತದೆ. ಅದರಲ್ಲಿ ನೀರು ನಿಂತು ಕೊಳೆಯುತ್ತದೆ, ಕೆಂಪು ಮೂತಿ ಹುಳು ಮೊಟ್ಟೆ ಇಡಲು ಹುಡುಕುವುದೂ ಇಂಥ ಗಾಯವನ್ನೇ. ದಯವಿಟ್ಟು ತೆಂಗಿಗೆ ಮೆಟ್ಟಿಲು ಕಡಿಯಬೇಡಿ, ಹತ್ತುವ ಯಂತ್ರ ಬಳಸಿ.

ಮೂರನೆಯದು ಕಂಗಿಗೆ ಬಿಸಿಲು ತಾಗುವುದು. ಮಳೆ ನಿಂತ ಮೇಲಿನ ತಿಂಗಳುಗಳಲ್ಲಿ ನೈಋತ್ಯದಿಂದ ಬೀಳುವ ಇಳಿಬಿಸಿಲು ಎಳೆಯ ಹಸಿರು ಕಾಂಡವನ್ನು ಸುಡುತ್ತದೆ. ಮೊದಲು ಹೊಂಬಣ್ಣದ ಕಲೆ, ಆಮೇಲೆ ಕಂದು, ಕೊನೆಗೆ ಉದ್ದುದ್ದ ಸೀಳು. ಹೊಸ ಅಂಗಾಂಶ ಕೊಡುವ ಪದರವೇ ಇಲ್ಲದ ಕಾರಣ ಆ ಬದಿ ಸತ್ತರೆ ಸತ್ತಂತೆ. ಕೆಲವು ವರ್ಷದಲ್ಲಿ ಮರ ಅಲ್ಲಿಗೇ ಮುರಿಯುತ್ತದೆ. ಸಾಲು ಹಾಕುವಾಗ ಉತ್ತರ–ದಕ್ಷಿಣ ಗೆರೆಯನ್ನು 35 ಡಿಗ್ರಿ ಪಶ್ಚಿಮಕ್ಕೆ ತಿರುಗಿಸಬೇಕು, 2.7 ಮೀಟರ್ ಅಂತರ ಇಡಬೇಕು ಎಂಬ ಶಿಫಾರಸು ಇರುವುದು ಒಂದು ಮರದ ನೆರಳು ಇನ್ನೊಂದರ ಕಾಂಡಕ್ಕೆ ಬೀಳಲಿ ಎಂದು. ಸಾಲು ಈಗಾಗಲೇ ಹಾಕಿಯಾಗಿದ್ದರೆ ತೋಟದ ಪಶ್ಚಿಮ, ದಕ್ಷಿಣ ಅಂಚಿನ ಮರಗಳ ಕಾಂಡಕ್ಕೆ ಸೋಗೆಯನ್ನೋ ಹಾಳೆಯನ್ನೋ ಕಟ್ಟಿ ಅಥವಾ ಸುಣ್ಣ ಬಳಿಯಿರಿ. ಆ ಅಂಚಿನಲ್ಲಿ ನೆರಳಿನ ಮರ ಬೆಳೆಸಿದರೆ ಇನ್ನೂ ಒಳ್ಳೆಯದು.

ಬಾಳೆ, ಬಿದಿರು, ಪಪ್ಪಾಯಿ?

ಬಾಳೆಯದು ಕಾಂಡವೇ ಅಲ್ಲ, ಎಲೆಬುಡಗಳ ಸುತ್ತು. ಬಿದಿರಿನ ಕಣಿಲೆ ನೆಲದಿಂದ ಮೇಲೆ ಬರುವಾಗಲೇ ತನ್ನ ಪೂರ್ತಿ ದಪ್ಪದಲ್ಲಿ ಬರುತ್ತದೆ. ಆಮೇಲೆ ಉದ್ದವಾಗಿ ಗಟ್ಟಿಯಾಗುತ್ತದೆ, ಅಷ್ಟೇ. ಪಪ್ಪಾಯಿಗೆ ಕ್ಯಾಂಬಿಯಂ ಇದೆ, ದಪ್ಪವೂ ಆಗುತ್ತದೆ. ಆದರೆ ಅದರ ಕ್ಸೈಲಮ್ ಮೆದು, ಬಲ ಕೊಡುವ ನಾರು ಇರುವುದು ಹೊರಗಿನ ಫ್ಲೋಯಮಿನಲ್ಲಿ. ಹಾಗಾಗಿ ಪಪ್ಪಾಯಿಯ ತೊಗಟೆಗೆ ಪೆಟ್ಟಾದರೆ ಗಿಡ ನಿಲ್ಲುವುದೇ ಕಷ್ಟ.

ಉಂಗುರ ಎಣಿಸಿ ಮರದ ಪ್ರಾಯ ಹೇಳಬಹುದೇ?

ಸಾಗುವಾನಿಯದ್ದು ಹೇಳಬಹುದು. ಅದು ಬೇಸಿಗೆಯಲ್ಲಿ ಎಲೆ ಉದುರಿಸಿ ಬೆಳವಣಿಗೆ ನಿಲ್ಲಿಸುತ್ತದೆ. ಮತ್ತೆ ಚಿಗುರಿದಾಗ ಮೊದಲು ಬರುವ ನಾಳಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು, ಮಳೆಗಾಲ ಮುಗಿಯುವ ಹೊತ್ತಿಗೆ ಬರುವವು ಸಣ್ಣವು. ದೊಡ್ಡ ರಂಧ್ರಗಳ ಸಾಲು ಶುರುವಾಗುವಲ್ಲಿ ಒಂದು ವರ್ಷದ ಗಡಿ. ಕೇರಳದ ಹಳೆಯ ಸಾಗುವಾನಿಗಳ ಉಂಗುರಗಳಿಂದ ಹಿಂದಿನ ಕಾಲದ ಮಳೆಯ ಏರಿಳಿತವನ್ನು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ.

ಎಣಿಸುವಾಗ ಕಡಿದ ಮೇಲ್ಮೈಯನ್ನು ಹರಿತವಾದ ಉಳಿಯಿಂದ ಒಂದು ಪಟ್ಟಿಯಷ್ಟು ನಯ ಮಾಡಿ, ನೀರು ಸವರಿ. ನಡುವಿನಿಂದ ಅಂಚಿಗೆ ಎರಡು ಬೇರೆ ದಿಕ್ಕಿನಲ್ಲಿ ಎಣಿಸಿ ತಾಳೆ ನೋಡಿ. ಮಳೆ ನಡುವೆ ತಿಂಗಳುಗಟ್ಟಲೆ ಕೈಕೊಟ್ಟ ವರ್ಷ ಸುಳ್ಳು ಉಂಗುರ ಮೂಡಬಹುದು. ಅದು ಮಸುಕಾಗಿರುತ್ತದೆ, ಎಷ್ಟೋ ಸಲ ಪೂರ್ತಿ ಸುತ್ತು ಬರುವುದಿಲ್ಲ. ಬುಡದ ಹತ್ತಿರ ಎಣಿಸಿದ ಲೆಕ್ಕವೇ ಪ್ರಾಯಕ್ಕೆ ಹತ್ತಿರ. ಎದೆ ಎತ್ತರದಲ್ಲಿ ಎಣಿಸಿದರೆ ಸಸಿ ಆ ಎತ್ತರಕ್ಕೆ ಬರಲು ತೆಗೆದುಕೊಂಡ ಕಾಲ ಬಿಟ್ಟುಹೋಗುತ್ತದೆ.

ಹಲಸು, ಮಾವು, ಗೇರಿನಲ್ಲಿ ಉಂಗುರ ನಂಬಬೇಡಿ. ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಚಿಗುರುವ ಮರಗಳು ಇವು, ನಾಳಗಳ ಗಾತ್ರದಲ್ಲೂ ಸ್ಪಷ್ಟ ಗಡಿ ಇರುವುದಿಲ್ಲ. ಕುಂಬಳೆ, ಚಂದ್ರಗಿರಿ ಅಳಿವೆಗಳ ಕಡೆ ಕಾಣುವ ಉಪ್ಪಟ್ಟಿಯ ಕಾಂಡದಲ್ಲಿ ಚೆಂದದ ಸುತ್ತುಗಳಿವೆ, ಆದರೆ ಅವು ವರ್ಷದ ಉಂಗುರಗಳಲ್ಲ. ಆ ಮರ ಒಂದು ಕ್ಯಾಂಬಿಯಮಿನ ಹೊರಗೆ ಇನ್ನೊಂದು, ಅದರ ಹೊರಗೆ ಮತ್ತೊಂದು ಎಂದು ಹೊಸ ಹೊಸ ಕ್ಯಾಂಬಿಯಂ ಹುಟ್ಟಿಸಿಕೊಂಡು ದಪ್ಪವಾಗುತ್ತದೆ.

ಚೇಗು ಹೇಗೆ ಆಗುತ್ತದೆ? ನಡುವೆ ಪೊಳ್ಳಾದ ಮರ ಬದುಕುವುದು ಹೇಗೆ?

ಹೊರಗಿನ ಕೆಲವು ವರ್ಷಗಳ ಕ್ಸೈಲಮ್ ಮಾತ್ರ ನೀರು ಸಾಗಿಸುತ್ತದೆ. ಅದು ತಿಳಿಬಣ್ಣದ ಬಿಳಿ ಭಾಗ. ಅದರಲ್ಲಿ ಜೀವಂತ ಕೋಶಗಳೂ ಪಿಷ್ಟವೂ ಇರುವುದರಿಂದ ಹುಳು, ಕುಟ್ಟೆ ಅಲ್ಲಿಗೇ ಮೊದಲು ಬರುತ್ತವೆ. ಒಳಗಿನ ಹಳೆಯ ಭಾಗದ ಜೀವಕೋಶಗಳು ಸಾಯುವ ಮುನ್ನ ಬಣ್ಣದ, ಕಹಿಯ, ಎಣ್ಣೆಯ ವಸ್ತುಗಳನ್ನು ಮರದೊಳಗೆ ತುಂಬಿ ಹೋಗುತ್ತವೆ, ಹಲವು ಮರಗಳಲ್ಲಿ ನಾಳಗಳೂ ಮುಚ್ಚಿಹೋಗುತ್ತವೆ. ಅದೇ ಚೇಗು. ಹಲಸಿನ ಅರಸಿನ ಬಣ್ಣ, ಬೀಟೆಯ ಕಪ್ಪು ನೇರಳೆ, ಸಾಗುವಾನಿಯ ಎಣ್ಣೆ ಅಂಶ ಎಲ್ಲ ಹೀಗೆ ಬಂದವು. ಸಾಗುವಾನಿ ಬಾಳಿಕೆ ಬರುತ್ತದೆ ಎಂದು ಅದರ ಬಿಳಿ ಭಾಗವನ್ನು ಬಾಗಿಲ ದಾರಂದಕ್ಕೆ ಹಾಕಿದರೆ ಗೆದ್ದಲು ಬಿಡುವುದಿಲ್ಲ.

ಚೇಗು ಸತ್ತ ಭಾಗವಾದ್ದರಿಂದ ಅದು ಕೊಳೆತು ಪೊಳ್ಳಾದರೂ ಹೊರಗಿನ ಬಿಳಿ ಮರ, ಕ್ಯಾಂಬಿಯಂ, ತೊಗಟೆ ಸರಿ ಇದ್ದಷ್ಟು ಕಾಲ ಮರ ಚಿಗುರುತ್ತದೆ, ಕಾಯಿ ಕೊಡುತ್ತದೆ. ಬದುಕುವುದು ಬೇರೆ, ಗಾಳಿಗೆ ನಿಲ್ಲುವುದು ಬೇರೆ. ಉಳಿದ ಗಟ್ಟಿ ಗೋಡೆ ಕಾಂಡದ ತ್ರಿಜ್ಯದ ಮೂರನೇ ಒಂದಕ್ಕಿಂತ ಕಡಿಮೆ ಇದ್ದರೆ, ಅಂದರೆ 60 ಸೆಂಟಿಮೀಟರ್ ಅಡ್ಡಳತೆಯ ಮರದಲ್ಲಿ ಸುಮಾರು 10 ಸೆಂಟಿಮೀಟರಿಗಿಂತ ತೆಳುವಾಗಿದ್ದರೆ, ಮನೆಯ ಪಕ್ಕದಲ್ಲಿ ಅದನ್ನು ಹಾಗೇ ಬಿಡಬಾರದು. ಗೆಲ್ಲು ಹಗುರ ಮಾಡಿಸಿ ಅಥವಾ ತೆಗೆಸಿ. ಪೊಟರೆಗೆ ಸಿಮೆಂಟು ತುಂಬಿಸುವುದರಿಂದ ಬಲ ಬರುವುದಿಲ್ಲ. ಗಾಳಿಗೆ ಮರ ಬಾಗುತ್ತದೆ, ಸಿಮೆಂಟು ಬಾಗುವುದಿಲ್ಲ, ನಡುವಿನ ಸಂದಿನಲ್ಲಿ ನೀರು ಇಳಿದು ಕೊಳೆ ಹೆಚ್ಚುತ್ತದೆ.

ಸಾಗುವಾನಿ ಈಗ ಕೈಗೆ ಬರುವಷ್ಟಾಗಿದೆ. ಕಡಿಯಲೋ, ಇನ್ನೂ ಬಿಡಲೋ?

ಒಂದು ಲೆಕ್ಕ ನೋಡಿ. ಮರ ವರ್ಷಕ್ಕೆ 5 ಮಿಲಿಮೀಟರ್ ದಪ್ಪದ ಉಂಗುರ ಹಾಕುತ್ತದೆ ಎಂದುಕೊಳ್ಳಿ. ಸುತ್ತಳತೆ ವರ್ಷಕ್ಕೆ 3.14 ಸೆಂಟಿಮೀಟರ್ ಹೆಚ್ಚುತ್ತದೆ. ಮರ ಸಣ್ಣದಿರಲಿ, ದೊಡ್ಡದಿರಲಿ, ಇದು ಅಷ್ಟೇ. ಆದರೆ 20 ಸೆಂಟಿಮೀಟರ್ ಅಡ್ಡಳತೆಯ ಮರಕ್ಕೆ ಆ ಉಂಗುರದಿಂದ ಸೇರುವ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 32 ಚದರ ಸೆಂಟಿಮೀಟರ್, 60 ಸೆಂಟಿಮೀಟರಿನ ಮರಕ್ಕೆ ಸುಮಾರು 95. ಅದೇ ತೆಳು ಉಂಗುರ ಮೂರು ಪಾಲು ಮರ ಕೊಡುತ್ತದೆ, ಅದರ ಜೊತೆಗೆ ಒಳಗೆ ಚೇಗಿನ ಪಾಲೂ ಹೆಚ್ಚುತ್ತಾ ಹೋಗುತ್ತದೆ. ತುರ್ತು ಇಲ್ಲದಿದ್ದರೆ ಸಪೂರ ಸಾಗುವಾನಿ ಕಡಿಯುವುದು ನಷ್ಟವೇ.

ಆದರೆ ಬಿಟ್ಟರೆ ಸಾಲದು, ಜಾಗವನ್ನೂ ಕೊಡಬೇಕು. ಕಾಂಡದ ದಪ್ಪ ನಿಲ್ಲುವುದು ಎಲೆಯ ಮೇಲೆ. 2 ಮೀಟರ್ ಅಂತರದಲ್ಲಿ ನೆಟ್ಟ ಸಾಗುವಾನಿಯನ್ನು ತೆಳುಗೊಳಿಸದೆ ಬಿಟ್ಟರೆ ಮರಗಳು ಬೆಳಕಿಗಾಗಿ ಎತ್ತರಕ್ಕೆ ಓಡುತ್ತವೆ, ತಲೆಯಲ್ಲಿ ಸ್ವಲ್ಪ ಎಲೆ ಉಳಿಯುತ್ತದೆ, ಕಾಂಡ ಗಳದಂತೆ ಉಳಿಯುತ್ತದೆ. ನೆಟ್ಟು ನಾಲ್ಕೈದು ವರ್ಷವಾದಾಗ ಒಂದು ಬಿಟ್ಟು ಒಂದರಂತೆ ತೆಗೆಯಿರಿ, ಆಮೇಲೆ ತಲೆಗಳು ಮತ್ತೆ ಕೂಡಿಕೊಂಡಾಗ ಸೊಟ್ಟ, ಕವಲು, ಬಡಕಲು ಮರಗಳನ್ನು ಆರಿಸಿ ತೆಗೆಯಿರಿ.

ಅಳತೆ ಮಾಡುವುದು ಹೇಗೆ? ವ್ಯಾಪಾರಿಯ ಲೆಕ್ಕ ಕಡಿಮೆ ಬರುತ್ತದಲ್ಲ?

ನಿಂತ ಮರದ ಸುತ್ತಳತೆಯನ್ನು ನೆಲದಿಂದ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ ಎತ್ತರದಲ್ಲಿ ತೆಗೆಯುವುದು ಕ್ರಮ. ಇಳಿಜಾರಿನಲ್ಲಿ ಗುಡ್ಡದ ಮೇಲ್ಬದಿಗೆ ನಿಂತು ಅಳೆಯಿರಿ. ಗಂಟು ಇದ್ದರೆ ಸ್ವಲ್ಪ ಮೇಲೆ. ವರ್ಷ ವರ್ಷ ಹೋಲಿಸುವುದಾದರೆ ಬಣ್ಣದ ಗುರುತು ಹಾಕಿ, ಪ್ರತಿ ವರ್ಷ ಅದೇ ತಿಂಗಳಲ್ಲಿ ಅಳೆಯಿರಿ. ಬೇಸಿಗೆಯಲ್ಲಿ ತೊಗಟೆ ನೀರು ಕಳೆದುಕೊಂಡು ಕುಗ್ಗುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಏಪ್ರಿಲಿನ ಅಳತೆಗೂ ಜುಲೈಯ ಅಳತೆಗೂ ಇರುವ ವ್ಯತ್ಯಾಸ ಪೂರ್ತಿ ಬೆಳವಣಿಗೆಯಲ್ಲ.

ಕಡಿದ ದಿಮ್ಮಿಗೆ ಕಾಲು ಸುತ್ತಳತೆಯ ಲೆಕ್ಕ ನಡೆಯುತ್ತದೆ. ನಡುಭಾಗದ ಸುತ್ತಳತೆಯನ್ನು ಇಂಚಿನಲ್ಲಿ ತೆಗೆದು 4ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದ ಅಡಿಯಿಂದ ಗುಣಿಸಿ, 144ರಿಂದ ಭಾಗಿಸಿದರೆ ಘನ ಅಡಿ. ಸುತ್ತಳತೆ 48 ಇಂಚು, ಉದ್ದ 10 ಅಡಿ ಇದ್ದರೆ 12 × 12 × 10 ÷ 144 = 10 ಘನ ಅಡಿ. ಉರುಟಾದ ದಿಮ್ಮಿಯ ನಿಜವಾದ ಗಾತ್ರ 12.7 ಘನ ಅಡಿ. ಈ ಲೆಕ್ಕ ಯಾವಾಗಲೂ ಶೇಕಡಾ 78.5ರಷ್ಟನ್ನೇ ಕೊಡುತ್ತದೆ, ಉಳಿದದ್ದು ಕೊಯ್ಯುವಾಗ ಹೋಗುವ ಸಿಪ್ಪೆ, ಹುಡಿಗೆ ಎಂಬ ರೂಢಿ. ಹಾಗಾಗಿ ದರ ಮಾತಾಡುವಾಗ ಯಾವ ಲೆಕ್ಕ, ತೊಗಟೆ ಸೇರಿಸಿಯೋ ತೆಗೆದೋ ಎಂದು ಮೊದಲೇ ಕೇಳಿ. ತೊಗಟೆ ಕಳೆಯುವ ಹೆಸರಲ್ಲಿ ಎರಡು ಸಲ ಕಳೆಯುವುದಕ್ಕೆ ಒಪ್ಪಬೇಡಿ.

ಬೇಲಿ ತಂತಿಯನ್ನು ಮರಕ್ಕೇ ಕಟ್ಟಿದರೆ ಏನಾಗುತ್ತದೆ?

ಮರ ಹಿಗ್ಗುತ್ತದೆ, ತಂತಿ ಹಿಗ್ಗುವುದಿಲ್ಲ. ತಂತಿಯ ಅಡಿಯಲ್ಲಿ ಫ್ಲೋಯಮ್ ಹಿಸುಕಿ ಸಕ್ಕರೆ ಕೆಳಗಿಳಿಯುವುದು ನಿಲ್ಲುತ್ತದೆ, ತಂತಿಯ ಮೇಲ್ಬದಿಗೆ ಕಾಂಡ ಉಬ್ಬುತ್ತದೆ. ಕ್ಸೈಲಮಿನಲ್ಲಿ ನೀರು ಏರುತ್ತಲೇ ಇರುವುದರಿಂದ ಎಲೆ ಬಹಳ ಕಾಲ ಹಸಿರಾಗಿಯೇ ಕಾಣುತ್ತದೆ. ಒಳಗಿಂದೊಳಗೆ ಬೇರು ಉಪವಾಸ ಬೀಳುತ್ತದೆ. ಬೇರಿನ ದಾಸ್ತಾನು ಮುಗಿದ ಮೇಲೆ ಒಂದು ಬೇಸಿಗೆಯಲ್ಲಿ ಮರ ಒಮ್ಮೆಲೇ ಒಣಗುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಸುತ್ತಲೂ ತೊಗಟೆ ತೆಗೆದರೆ ಮೇಲಿನ ಅಂಚು ಉಬ್ಬುವುದನ್ನು ಇಟಲಿಯ ಮಾರ್ಚೆಲ್ಲೊ ಮಾಲ್ಪೀಗಿ 17ನೇ ಶತಮಾನದಲ್ಲೇ ದಾಖಲಿಸಿದ್ದರು.

ಕಂಗು, ತೆಂಗಿನಲ್ಲಿ ನಾಳಗಳು ಚದುರಿರುವುದರಿಂದ ತಂತಿ ಹೀಗೆ ಕೊಲ್ಲುವುದಿಲ್ಲ. ಹಾಗೆಂದು ಆಣಿ ಹೊಡೆಯಬೇಡಿ. ಮುಚ್ಚದ ಗಾಯದ ಮಾತು ಆಗಲೇ ಬಂದಿದೆ. ಉಳಿದ ಮರಗಳಿಗೆ ತಂತಿ ಕಟ್ಟಲೇಬೇಕಾದರೆ ಸುತ್ತು ಹಾಕದೆ, ಒಂದು ಬದಿಗೆ ಮರದ ಪಟ್ಟಿ ಇಟ್ಟು ಅದಕ್ಕೆ ತಂತಿ ಬಿಗಿಯಿರಿ. ಒಂದು ಆಣಿಯ ಗಾಯ ಮುಚ್ಚುತ್ತದೆ, ಸುತ್ತು ಮಾತ್ರ ಮುಚ್ಚುವುದಿಲ್ಲ. ತಂತಿ ಈಗಾಗಲೇ ಒಳಗೆ ಹುದುಗಿದ್ದರೆ ಅಗೆದು ತೆಗೆಯಲು ಹೋಗಬೇಡಿ, ಹೊರಗೆ ಕಾಣುವಲ್ಲೆಲ್ಲ ಕತ್ತರಿಸಿ ಬಿಡಿ.

ಹುಲ್ಲು ಕತ್ತರಿಸುವ ಯಂತ್ರ ತಾಗಿ ಗಿಡದ ಬುಡದ ತೊಗಟೆ ಹೋಗಿದೆ. ಉಳಿಸಬಹುದೇ?

ಈಗ ಎಳೆ ಗಿಡಗಳು ಸಾಯುವುದಕ್ಕೆ ಇದು ದೊಡ್ಡ ಕಾರಣ. ನೈಲಾನ್ ದಾರ ಒಂದೇ ಸುತ್ತಿಗೆ ತೊಗಟೆಯನ್ನು ಕ್ಯಾಂಬಿಯಂ ಸಮೇತ ಕಿತ್ತುಬಿಡುತ್ತದೆ.

ಗಾಯ ಹಸಿ ಇದ್ದು ತೊಗಟೆಯ ತುಂಡು ನೇತಾಡುತ್ತಿದ್ದರೆ ತಡಮಾಡದೆ ಅದನ್ನು ಸ್ವಸ್ಥಾನಕ್ಕೆ ಒತ್ತಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ. ಒಣಗಿರದಿದ್ದರೆ ಕೂಡಿಕೊಳ್ಳುತ್ತದೆ. ಸುತ್ತಳತೆಯ ಕಾಲು ಭಾಗದವರೆಗೆ ಹೋದ ಗಾಯವನ್ನು ಗಿಡವೇ ಮುಚ್ಚಿಕೊಳ್ಳುತ್ತದೆ. ಹರಿದ ಅಂಚುಗಳನ್ನು ಹರಿತ ಚಾಕುವಿನಿಂದ ನಯ ಮಾಡಿ ಬೋರ್ಡೋ ಪೇಸ್ಟ್ ಹಚ್ಚಿದರೆ ಸಾಕು. ಪೇಸ್ಟಿಗೆ ಒಂದು ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತು, 100 ಗ್ರಾಂ ಸುಣ್ಣ: ಅರ್ಧ ನೀರಲ್ಲಿ ಒಂದು, ಇನ್ನರ್ಧದಲ್ಲಿ ಇನ್ನೊಂದು ಕರಗಿಸಿ, ಪ್ಲಾಸ್ಟಿಕ್ ಪಾತ್ರೆಯಲ್ಲಿ ಬೆರೆಸಿ ಅದೇ ದಿನ ಬಳಸಿ.

ಪೂರ್ತಿ ಸುತ್ತು ಹೋಗಿದ್ದರೆ ಎರಡು ದಾರಿ. ಗಾಯದ ಕೆಳಗೆ ಕಸಿ ಗಂಟು ಉಳಿದಿದ್ದರೆ ಗಂಟಿನಿಂದ ನಾಲ್ಕು ಬೆರಳು ಮೇಲೆ ಕಡಿದು, ಬರುವ ಚಿಗುರಿನಲ್ಲಿ ಒಂದನ್ನು ಬೆಳೆಸಿ. ಮರ ದೊಡ್ಡದು, ಬಿಡಲು ಮನಸ್ಸಿಲ್ಲ ಎಂದಾದರೆ ಸೇತುವೆ ಕಸಿ. ತೊಗಟೆ ಸಲೀಸಾಗಿ ಬಿಡುವ ಕಾಲದಲ್ಲಿ ಅದೇ ಮರದ ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಗಾಯಕ್ಕಿಂತ ಸ್ವಲ್ಪ ಉದ್ದವಾಗಿ ಕತ್ತರಿಸಿ, ಎರಡು ತುದಿಯನ್ನೂ ಓರೆಯಾಗಿ ಚೆಲ್ಲಿ, ಗಾಯದ ಮೇಲೆ ಮತ್ತು ಕೆಳಗೆ ಗಟ್ಟಿ ತೊಗಟೆಯ ಅಡಿಗೆ ಸೇರಿಸಿ ಸಣ್ಣ ಆಣಿಯಿಂದ ಕೂರಿಸಿ. ಸುತ್ತಲೂ ಸುಮಾರು 5 ಸೆಂಟಿಮೀಟರಿಗೊಂದು. ಕಡ್ಡಿಯ ಬುಡ ಕೆಳಗೇ ಇರಬೇಕು. ತಲೆಕೆಳಗಾದರೆ ಮೊದಲು ಹಿಡಿದಂತೆ ಕಂಡರೂ ದಪ್ಪವಾಗುವುದಿಲ್ಲ.

ಎಲ್ಲಕ್ಕಿಂತ ಸುಲಭ, ಗಿಡದ ಸುತ್ತ ಒಂದೂವರೆ ಅಡಿ ಹುಲ್ಲನ್ನು ಕೈಯಿಂದ ತೆಗೆದು ಸೊಪ್ಪು ಹಾಸುವುದು. ಸೊಪ್ಪು ಕಾಂಡಕ್ಕೆ ತಾಗದಿರಲಿ.

ಗೇರಿನ ಕಸಿ ಯಾಕೆ ಹಿಡಿಯುವುದಿಲ್ಲ?

ಕಸಿ ಹಿಡಿಯುವುದೆಂದರೆ ಎರಡು ಗಿಡಗಳ ಕ್ಯಾಂಬಿಯಂ ಕೂಡಿ ಒಂದೇ ಪದರವಾಗುವುದು. ಮೃದು ಕಾಂಡ ಕಸಿಯಲ್ಲಿ 45–60 ದಿನದ ಸಸಿಯ ತಲೆಯನ್ನು ಸುಮಾರು 15 ಸೆಂಟಿಮೀಟರ್ ಎತ್ತರದಲ್ಲಿ ಕತ್ತರಿಸಿ ನಡುವೆ 4–5 ಸೆಂಟಿಮೀಟರ್ ಸೀಳುತ್ತೇವೆ. ಕುಡಿ 3–5 ತಿಂಗಳು ಬಲಿತ ಗೆಲ್ಲಿನದ್ದಾಗಿರಬೇಕು, 7–10 ದಿನ ಮೊದಲೇ ಮರದಲ್ಲೇ ಅದರ ಎಲೆಗಳನ್ನು ತೊಟ್ಟು ಉಳಿಸಿ ಕತ್ತರಿಸಿರಬೇಕು. ಕುಡಿಯ ಬುಡವನ್ನು ಅಷ್ಟೇ ಉದ್ದದ ಬೆಣೆಯಾಗಿ ಚೆಲ್ಲಿ ಸೀಳಿಗೆ ಇಳಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ, ತಲೆಗೆ ಪ್ಲಾಸ್ಟಿಕ್ ತೊಟ್ಟೆ ಹಾಕಿ ನೆರಳಿನಲ್ಲಿ ಇಡುತ್ತೇವೆ.

ಸೋಲುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಕುಡಿ ಸಸಿಗಿಂತ ಸಪೂರವಾಗಿದ್ದಾಗ ಅಂದವಾಗಿ ಕಾಣಲಿ ಎಂದು ಅದನ್ನು ಸೀಳಿನ ನಟ್ಟನಡುವೆ ಇಡುತ್ತಾರೆ. ಆಗ ಯಾವ ಬದಿಯಲ್ಲೂ ಕ್ಯಾಂಬಿಯಂ ಕ್ಯಾಂಬಿಯಮಿಗೆ ತಾಗುವುದಿಲ್ಲ. ಒಂದು ಬದಿಗೆ ಸರಿಸಿ, ಆ ಬದಿಯಲ್ಲಾದರೂ ತೊಗಟೆಯ ಒಳ ಅಂಚು ಒಳ ಅಂಚಿಗೆ ಸೇರುವಂತೆ ಇಡಿ. ಎರಡು ಮೂರು ಸಲ ಚೆಲ್ಲಿದ ಬೆಣೆ ಅಲೆಅಲೆಯಾಗಿ ನಡುವೆ ಗಾಳಿ ಉಳಿಯುತ್ತದೆ, ಆದ್ದರಿಂದ ಒಂದೇ ಎಳೆತಕ್ಕೆ ಚೆಲ್ಲುವಷ್ಟು ಹರಿತ ಚಾಕು ಬೇಕು. ಕತ್ತರಿಸಿದ ಕುಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡದೆ ಬಿಟ್ಟರೂ ಕೆಲಸ ಕೆಟ್ಟಿತು. ಹಿಡಿದ ಮೇಲೆ ಎರಡು ಮೂರು ತಿಂಗಳಿಗೆ ಪಟ್ಟಿ ಬಿಚ್ಚಲು ಮರೆಯಬೇಡಿ. ಬೇಲಿ ತಂತಿ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಕಂಗು, ತೆಂಗಿಗೆ ಈ ಕಸಿ ಸಾಧ್ಯವಿಲ್ಲ ಎಂಬುದು ಈಗ ಬೇರೆ ಹೇಳಬೇಕಾಗಿಲ್ಲ.

ಗೆಲ್ಲಿನಲ್ಲೇ ಬೇರು ಬರಿಸಲು ಗೂಟಿ ಹಾಕಿದರೆ ಬೇರು ಬಾರದೆ ತೊಗಟೆಯೇ ಮತ್ತೆ ಬೆಳೆಯುತ್ತದಲ್ಲ?

ತೊಗಟೆಯ ಉಂಗುರ ತೆಗೆದಿದ್ದೀರಿ, ಕ್ಯಾಂಬಿಯಂ ಬಿಟ್ಟಿದ್ದೀರಿ. 2–3 ಸೆಂಟಿಮೀಟರ್ ಅಗಲದ ಉಂಗುರ ತೆಗೆದ ಮೇಲೆ ಆ ಜಾರುವ ಪದರವನ್ನು ಚಾಕುವಿನ ಬೆನ್ನಿನಿಂದ ಒಣ ಮರ ಸಿಗುವವರೆಗೆ ಕೆರೆಯಿರಿ. ಆಮೇಲೆ ತೇವದ ತೆಂಗಿನ ನಾರಿನ ಹುಡಿ ಇಟ್ಟು ಪ್ಲಾಸ್ಟಿಕ್ ಕಟ್ಟಿ. ಕೆಳಗಿಳಿಯಲಾಗದ ಸಕ್ಕರೆ ಮೇಲಿನ ಅಂಚಿನಲ್ಲಿ ಸೇರಿ ಬೇರು ಅಲ್ಲಿಂದ ಹೊರಡುತ್ತದೆ.

ರಬ್ಬರ್ ಟ್ಯಾಪಿಂಗಿನಲ್ಲಿ ಎಷ್ಟು ಆಳ ಕೊರೆಯಬೇಕು?

ಹಾಲಿನ ನಾಳಗಳು ತೊಗಟೆಯಲ್ಲಿವೆ, ಅದರಲ್ಲೂ ಕ್ಯಾಂಬಿಯಮಿನ ಹತ್ತಿರ ಹೆಚ್ಚು. ಆದ್ದರಿಂದ ಆಳ ಹೋದಷ್ಟು ಹಾಲು, ಒಂದು ಕೂದಲು ಹೆಚ್ಚು ಹೋದರೆ ಗಾಯ. ಕ್ಯಾಂಬಿಯಮಿಗೆ ಸುಮಾರು 1 ಮಿಲಿಮೀಟರ್ ತೊಗಟೆ ಉಳಿಯುವಂತೆ ನಿಲ್ಲಿಸುವುದು ಕೌಶಲ. ಕತ್ತಿ ಕ್ಯಾಂಬಿಯಂ ದಾಟಿದರೆ ಅಲ್ಲಿ ಮರದ ಗಂಟು ಎದ್ದು, ಹೊಸ ತೊಗಟೆ ಏರುಪೇರಾಗಿ, ವರ್ಷಗಳ ಮೇಲೆ ಮತ್ತೆ ಅದೇ ಪಟ್ಟಿಗೆ ಬಂದಾಗ ಕತ್ತಿ ಓಡುವುದಿಲ್ಲ.

ಕಸಿ ಗಿಡಗಳಲ್ಲಿ ಕಸಿ ಗಂಟಿನಿಂದ 125 ಸೆಂಟಿಮೀಟರ್ ಎತ್ತರದಲ್ಲಿ ಸುತ್ತಳತೆ 50 ಸೆಂಟಿಮೀಟರ್ ಆಗಬೇಕು, ತೋಟದ ಶೇಕಡಾ 70 ಮರಗಳು ಆ ಅಳತೆಗೆ ಬಂದ ಮೇಲೆ ಟ್ಯಾಪಿಂಗ್ ಶುರು. ಕೊರೆತ ಎಡದ ಮೇಲಿಂದ ಬಲದ ಕೆಳಗೆ, ಕಸಿ ಮರಗಳಿಗೆ 30 ಡಿಗ್ರಿ ಓರೆ. ನಾಳಗಳು ಸ್ವಲ್ಪ ಬಲಕ್ಕೆ ವಾಲಿ ಮೇಲೇರುವುದರಿಂದ ಈ ದಿಕ್ಕಿನಲ್ಲಿ ಹೆಚ್ಚು ನಾಳಗಳು ತುಂಡಾಗುತ್ತವೆ. ಅಳತೆಗೆ ಬಾರದ ಮರವನ್ನು ಕೊರೆದರೆ ಹಾಲಿಗೆ ಹೋದ ಸಕ್ಕರೆ ಕಾಂಡಕ್ಕೆ ಸಿಗದೆ ಮರ ಸಪೂರವಾಗಿಯೇ ಉಳಿದು ಗಾಳಿಗೆ ಮುರಿಯುತ್ತದೆ.

ಗೇರಿನ ಬುಡದಲ್ಲಿ ಅಂಟು, ಹುಡಿ ಕಾಣುತ್ತಿದೆ. ಇದಕ್ಕೂ ಕ್ಯಾಂಬಿಯಮಿಗೂ ಸಂಬಂಧವೇ?

ನೇರ ಸಂಬಂಧ. ಕಾಂಡ ಮತ್ತು ಬೇರು ಕೊರಕದ ಮರಿಹುಳು ತಿನ್ನುವುದು ತೊಗಟೆಯ ಅಡಿಯ ಈ ಮೆದು ಭಾಗವನ್ನೇ. ಅಡ್ಡಾದಿಡ್ಡಿ ಕೊರೆಯುತ್ತಾ ಅದು ಬುಡವನ್ನು ಸುತ್ತಿದರೆ ತಂತಿ ಬಿಗಿದ ಮರದ ಗತಿಯೇ. ಬೇಸಿಗೆಯ ತಿಂಗಳುಗಳಲ್ಲಿ ಪ್ರತಿ ತಿಂಗಳೂ ಬುಡ ನೋಡಿ. ಹುಡಿ ಕಂಡಲ್ಲಿ ಸತ್ತ ತೊಗಟೆಯನ್ನು ಮಾತ್ರ ಉಳಿಯಿಂದ ಎಬ್ಬಿಸಿ, ಸುರಂಗ ಹಿಡಿದು ಹೋಗಿ ಹುಳುವನ್ನು ತೆಗೆದು ಕೊಲ್ಲಿ. ಹಸಿ ತೊಗಟೆ ಕೆತ್ತಬೇಡಿ. ಸುತ್ತಳತೆಯ ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ, ಎಲೆ ಹಳದಿಯಾಗಿದ್ದರೆ ಮರ ಉಳಿಯುವುದಿಲ್ಲ. ಅದನ್ನು ಬೇರು ಸಮೇತ ಕಿತ್ತು ಒಳಗಿನ ಹುಳುಗಳನ್ನು ನಾಶ ಮಾಡದಿದ್ದರೆ ಪಕ್ಕದ ಮರಗಳ ಸರದಿ.

ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಕಷಾಯಕ್ಕೆಂದು ಹಾಲೆಮರದ ಕೆತ್ತೆ (ತೊಗಟೆ) ತೆಗೆಯುವುದರಿಂದ ಮರಕ್ಕೆ ಹಾನಿಯೇ?

ಒಬ್ಬರು ತೆಗೆದರೆ ಇಲ್ಲ, ಊರೆಲ್ಲ ಒಂದೇ ಮರದ ಸುತ್ತ ತೆಗೆದರೆ ಹೌದು. ಆಟಿಯಲ್ಲಿ ಕೆತ್ತೆ ಸುಲಭವಾಗಿ ಬಿಡುವುದರಿಂದ ಬೇಕಾದ್ದಕ್ಕಿಂತ ಹೆಚ್ಚು ಕಿತ್ತು ಬರುತ್ತದೆ. ಗಾಯ ಮುಚ್ಚುವುದು ಎರಡು ಬದಿಯ ಅಂಚಿನಿಂದ, ಆದ್ದರಿಂದ ಅಡ್ಡಕ್ಕೆ ಅಗಲ ತೆಗೆಯದೆ ಉದ್ದಕ್ಕೆ ಸಪೂರ ಪಟ್ಟಿ ತೆಗೆಯಿರಿ. ಮೂರು ಬೆರಳು ಅಗಲ ಸಾಕು. ಹಿಂದಿನ ವರ್ಷದ ಗಾಯ ಮುಚ್ಚದಿದ್ದರೆ ಬೇರೆ ಮರ ನೋಡಿ. ಮುಖ್ಯವಾಗಿ ಮರವನ್ನು ಹಗಲಲ್ಲೇ ಗುರುತು ಮಾಡಿಟ್ಟುಕೊಳ್ಳಿ. ಹಾಲೆಗೆ ಒಂದೇ ಗಂಟಿನಿಂದ ಸುತ್ತಲೂ ಹಲವು ಎಲೆ, ಗೀರಿದರೆ ಬಿಳಿ ಹಾಲು. ಹಾಲೆಯೆಂದು ತಪ್ಪಿ ಕೆತ್ತಬಹುದಾದ ವಿಷದ ಮರ ಕಾಸರಕಕ್ಕೆ ಎದುರುಬದುರು ಎರಡೇ ಎಲೆ, ಹಾಲಿಲ್ಲ, ಅದರ ತೊಗಟೆ ಪ್ರಾಣಕ್ಕೇ ಅಪಾಯ.

ಗೆಲ್ಲು ಕಡಿಯುವಾಗ ಕಾಂಡಕ್ಕೆ ಸಮ ಮಾಡಿ ಕಡಿಯಬೇಕೇ?

ಬೇಡ. ಗೆಲ್ಲು ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಕೊರಳಪಟ್ಟಿ ಇರುತ್ತದೆ. ಅಲ್ಲಿನ ಕ್ಯಾಂಬಿಯಂ ಕಾಂಡದ್ದು. ಗಾಯ ಮುಚ್ಚುವುದು ಅದೇ. ಅದಕ್ಕೆ ತಾಗದಂತೆ, ಅದರ ಹೊರಗೇ ಕಡಿಯಿರಿ. ಹಾಗೆಂದು ಒಂದಡಿ ಕೊರಡು ಬಿಟ್ಟರೆ ಅದು ಒಣಗಿ ಕೊಳೆ ಒಳಗಿಳಿಯುತ್ತದೆ. ಭಾರದ ಗೆಲ್ಲಾದರೆ ಮೊದಲು ಕಾಂಡದಿಂದ ಒಂದಡಿ ದೂರ ಕೆಳಗಿನಿಂದ ಮೂರನೇ ಒಂದು ಆಳಕ್ಕೆ ಕೊಯ್ಯಿರಿ, ಇನ್ನೂ ಎರಡು ಇಂಚು ಹೊರಗೆ ಮೇಲಿನಿಂದ ಕೊಯ್ದು ಬೀಳಿಸಿ, ಕೊನೆಗೆ ಕೊರಡನ್ನು ಕೊರಳಪಟ್ಟಿಯ ಹೊರಗೆ ಕೊಯ್ಯಿರಿ. ನೇರ ಮೇಲಿನಿಂದ ಕಡಿದರೆ ಬೀಳುವ ಗೆಲ್ಲು ಕಾಂಡದ ತೊಗಟೆಯನ್ನು ಮಾರುದ್ದ ಸುಲಿದುಕೊಂಡು ಹೋಗುತ್ತದೆ.

ಗಾಯಗೊಂಡ ಜಾಗದ ಹಳೆಯ ಕ್ಸೈಲಮ್ ಮತ್ತೆ ಗುಣವಾಗುವುದಿಲ್ಲ. ಮರ ಆ ಭಾಗದ ಸುತ್ತ ಗೋಡೆ ಕಟ್ಟಿ ಹೊಸ ಮರದಿಂದ ಮುಚ್ಚುತ್ತದೆ. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೊ ಇದನ್ನು 1970ರ ದಶಕದಲ್ಲಿ ಸಾವಿರಾರು ಮರಗಳನ್ನು ಸೀಳಿ ವಿವರಿಸಿದರು. ಡಾಂಬರು, ಪೇಂಟಿನಿಂದ ಪ್ರಯೋಜನವಿಲ್ಲ. ನಮ್ಮ ಮಳೆಗೆ ಬೋರ್ಡೋ ಪೇಸ್ಟ್ ಮಾತ್ರ ಹಚ್ಚಬಹುದು, ಸಾಧ್ಯವಾದರೆ ಜಡಿಮಳೆಯಲ್ಲಿ ದೊಡ್ಡ ಗೆಲ್ಲು ಕಡಿಯಲೇಬೇಡಿ.

ವಾಲಿದ ಮರದ ಹಲಗೆ ಯಾಕೆ ಡೊಂಕಾಗುತ್ತದೆ?

ವಾಲಿದ ಹಲಸು, ಮಾವು ತನ್ನನ್ನು ಮೇಲಕ್ಕೆ ಎಳೆದುಕೊಳ್ಳಲು ವಾಲಿನ ಮೇಲ್ಬದಿಯಲ್ಲಿ ಹೆಚ್ಚು ಮರ ಹಾಕುತ್ತದೆ, ಆ ಮರ ಬಿಗಿ ಎಳೆತದಲ್ಲಿರುತ್ತದೆ. ಅದಕ್ಕೇ ದಿಮ್ಮಿಯ ನಡು ಒಂದು ಬದಿಗೆ ಸರಿದಿರುತ್ತದೆ. ಕೊಯ್ದಾಗ ಎಳೆತ ಬಿಟ್ಟು ಹಲಗೆ ತಿರುಚುತ್ತದೆ, ಮೇಲ್ಮೈ ನಾರುನಾರಾಗುತ್ತದೆ. ಇಂಥದ್ದನ್ನು ಬಾಗಿಲಿಗೆ ಹಾಕಬೇಡಿ.

ಶಾಲೆಯ ಮಕ್ಕಳಿಗೆ ಇದನ್ನು ತೋರಿಸುವುದು ಹೇಗೆ?

ಒಂದು ದಾಸವಾಳದ ಗೆಲ್ಲು ಸಾಕು. ತುದಿಯ ಎಳೆ ಭಾಗ, ಒಂದು ಗೇಣು ಕೆಳಗೆ, ಪೆನ್ಸಿಲ್ ದಪ್ಪದ ಜಾಗ, ಹೀಗೆ ಮೂರು ಕಡೆ ಹೊಸ ಬ್ಲೇಡಿನಿಂದ ಆದಷ್ಟು ತೆಳುವಾದ ಅಡ್ಡ ಬಿಲ್ಲೆಗಳನ್ನು ತೆಗೆದು ನೀರಿಗೆ ಹಾಕಿ. ಬ್ಲೇಡನ್ನು ಒದ್ದೆ ಮಾಡಿಕೊಂಡು ಎಳೆದರೆ ತೆಳು ಬರುತ್ತದೆ. ಶೇಕಡಾ 1ರ ಸಫ್ರಾನಿನ್ ದ್ರಾವಣದಲ್ಲಿ ಎರಡು ನಿಮಿಷ ಇಟ್ಟು ತೊಳೆದು ನೋಡಿ. ಲಿಗ್ನಿನ್ ಸೇರಿದ ಕ್ಸೈಲಮ್ ಕಡು ಕೆಂಪಾಗುತ್ತದೆ. ತುದಿಯ ಬಿಲ್ಲೆಯಲ್ಲಿ ಕೆಂಪು ಬಿಡಿ ಬಿಡಿ ಚುಕ್ಕಿ, ಎರಡನೆಯದರಲ್ಲಿ ಚುಕ್ಕಿಗಳು ಕೂಡಿ ತೆಳು ಉಂಗುರ, ಮೂರನೆಯದರಲ್ಲಿ ಅಗಲ ಪಟ್ಟಿ. ಕೆಂಪು ಪಟ್ಟಿಯ ಹೊರ ಅಂಚಿಗೆ ತಾಗಿಕೊಂಡು ಬಣ್ಣ ಹಿಡಿಯದ ತೆಳು ಗೆರೆ ಕಾಣುವುದೇ ಕ್ಯಾಂಬಿಯಂ ಇರುವ ಜಾಗ. ಪಕ್ಕದಲ್ಲಿ ಕಂಗಿನ ಸಸಿಯದ್ದೋ ಹುಲ್ಲಿನದ್ದೋ ಒಂದು ಬಿಲ್ಲೆ ಇಟ್ಟರೆ, ಎಷ್ಟು ಬಲಿತ ಕಾಂಡದಿಂದ ತೆಗೆದರೂ ಅಲ್ಲಿ ಚುಕ್ಕಿಗಳು ಚದುರಿಯೇ ಇರುವುದನ್ನು ಮಕ್ಕಳು ತಾವಾಗಿ ಗುರುತಿಸುತ್ತಾರೆ.